ನಿಕ್ಷೇಪಧರ್ಮ ಮತ್ತು ಲೀಸಿನ ರಿಸೀವರ್

ಪರರ ವಸ್ತುವನ್ನು ತನ್ನ ವಶದಲ್ಲಿ ಇರಿಸಿಕೊಂಡವನು ಅದನ್ನು ಹಿಂದಿರುಗಿಸಬೇಕಾದ ಹೊಣೆ ಯಾವುದರ ಮೇಲೆ ನಿಂತಿದೆ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರ ಗ್ರಂಥಗಳು ದೊಡ್ಡ ಸ್ಥಾನವನ್ನೇ ಕೊಟ್ಟಿವೆ. ಮನುಸ್ಮೃತಿಯು ವ್ಯಾಜ್ಯಗಳನ್ನು 18 ವ್ಯವಹಾರಪದಗಳಾಗಿ, ಎಂದರೆ ವಿವಾದದ ವಿಷಯಗಳಾಗಿ ವಿಂಗಡಿಸುವಾಗ ಸಾಲದ ಬೆನ್ನಲ್ಲೇ ನಿಕ್ಷೇಪವನ್ನು, ಎಂದರೆ ನಂಬಿಕೆಯಿಂದ ಒಬ್ಬರ ಕೈಗೆ ಒಪ್ಪಿಸಿದ ವಸ್ತುವನ್ನು ಹೆಸರಿಸುತ್ತದೆ. ಸಾಲದಲ್ಲಿ ಪಡೆದ ನಾಣ್ಯವನ್ನೇ ಮರಳಿಸಬೇಕಿಲ್ಲ, ಅಷ್ಟೇ ಮೌಲ್ಯದ ಹಣ ಸಾಕು. ನಿಕ್ಷೇಪದಲ್ಲಿ ಮಾತ್ರ ಪಡೆದ ವಸ್ತುವೇ ಒಡೆಯನಿಗೆ ಸೇರಬೇಕು. ಈ ಅಂತರವನ್ನು ಮರೆತಾಗ ಹುಟ್ಟುವ ಗೊಂದಲ ಇಂದಿನ ವ್ಯವಹಾರಗಳಲ್ಲಿಯೂ ಕಾಣುತ್ತದೆ.

ಅಮೆರಿಕದ ಉಪಗ್ರಹ ಟಿವಿ ವ್ಯವಸ್ಥೆ ಇದಕ್ಕೆ ಒಳ್ಳೆಯ ನಿದರ್ಶನ. 1994ರಲ್ಲಿ ಸೇವೆ ಆರಂಭಿಸಿದ ಡೈರೆಕ್‌ಟಿವಿಯ ಮೊದಲ ಗ್ರಾಹಕರು, ಉಪಗ್ರಹದ ಸಂಕೇತವನ್ನು ಚಿತ್ರವಾಗಿ ಮಾರ್ಪಡಿಸುವ ರಿಸೀವರನ್ನು ಅಂಗಡಿಯಲ್ಲಿ ಕೊಂಡು ತಮ್ಮದಾಗಿಸಿಕೊಳ್ಳುತ್ತಿದ್ದರು. 2006ರ ಮಾರ್ಚ್‌ನಿಂದ ಅದನ್ನು ಲೀಸಿಗೆ ಕೊಡುವ, ಎಂದರೆ ಒಡೆತನವನ್ನು ಕಂಪನಿಯೇ ಉಳಿಸಿಕೊಂಡು ಬಳಕೆಯನ್ನಷ್ಟೇ ಒಪ್ಪಿಸುವ ಪದ್ಧತಿ ಬಂದಿತು. ಸೇವೆಯನ್ನು ರದ್ದುಮಾಡಿದ ಗ್ರಾಹಕನು ಗೊತ್ತುಪಡಿಸಿದ ಅವಧಿಯೊಳಗೆ ರಿಸೀವರನ್ನು ಪಾರ್ಸೆಲ್ ಮೂಲಕ ಮರಳಿಸಬೇಕು, ಇಲ್ಲವಾದರೆ ಮರಳಿಸದ ಪ್ರತಿ ಪೆಟ್ಟಿಗೆಗೂ ಶುಲ್ಕ ತೆರಬೇಕು. ಚಾವಣಿಯ ಮೇಲಿನ ಡಿಶ್ ಸಾಮಾನ್ಯವಾಗಿ ಮನೆಯಲ್ಲಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಮುಂಗಡ ಹಣ ಕೊಟ್ಟು ತಂದ ಪೆಟ್ಟಿಗೆಯೂ ಲೀಸಿನದೇ ಆಗಿರಬಹುದಾದ ಕಾರಣ, ಹಣ ತೆತ್ತು, ವರ್ಷಗಟ್ಟಲೆ ಬಳಸಿ, ಮೆಚ್ಚಿದ ಕಾರ್ಯಕ್ರಮಗಳನ್ನು ಅದರ ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟುಕೊಂಡ ಮನೆಯವರಲ್ಲಿ ಮಮಕಾರ, ಎಂದರೆ ವಸ್ತು ತನ್ನದೆಂಬ ಭಾವ ಬೆಳೆಯುವುದು ಸಹಜ. ಆದರೆ ಬಳಕೆಯ ದೀರ್ಘತೆಯಿಂದ ಮಮಕಾರ ಹುಟ್ಟುತ್ತದೆಯೇ ಹೊರತು ಒಡೆತನ ಹುಟ್ಟುವುದಿಲ್ಲ.

ಈ ವಿಷಯದಲ್ಲಿ ಯಾಜ್ಞವಲ್ಕ್ಯಸ್ಮೃತಿಯ ವಿಚಾರಕ್ರಮ ನೆರವಾಗುತ್ತದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ‘ಯಾಚಿತ’ ಎಂಬ ಬಗೆಯನ್ನು ವಿವರಿಸುತ್ತ, ಮದುವೆ ಮೊದಲಾದ ಉತ್ಸವಗಳಿಗೆ ಬೇಡಿ ತಂದ ಬಟ್ಟೆ, ಒಡವೆಗಳನ್ನು ಉದಾಹರಿಸುತ್ತಾನೆ. ಕಾಪಾಡುವುದಕ್ಕೆಂದು ಇಟ್ಟ ವಸ್ತುವಿನಿಂದ ಪ್ರಯೋಜನ ಇಟ್ಟವನಿಗೆ, ಬೇಡಿ ತಂದ ವಸ್ತುವಿನಿಂದ ಪ್ರಯೋಜನ ತಂದವನಿಗೆ. ಹೀಗಿದ್ದರೂ ಎರಡಕ್ಕೂ ಸ್ಮೃತಿ ಒಂದೇ ವಿಧಿಯನ್ನು ಅನ್ವಯಿಸುತ್ತದೆ. ಲೀಸಿನಲ್ಲಿ ಪ್ರಯೋಜನ ಇಬ್ಬರಿಗೂ ಹಂಚಿಹೋಗಿರುವುದರಿಂದ, ಲಾಭ ಯಾರದೆಂಬ ವಾದದಿಂದ ಮರಳಿಸುವ ಹೊಣೆಯನ್ನು ಸಡಿಲಿಸಲು ಬಾರದು.

ಅದೇ ಸ್ಮೃತಿಯ ಇನ್ನೊಂದು ವಿಧಿ ಮತ್ತಷ್ಟು ಸೂಕ್ಷ್ಮವಾಗಿದೆ. ಒಪ್ಪಿಸಿದ ವಸ್ತು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಆದರೆ ಒಡೆಯನು ಕೇಳಿದ ಮೇಲೂ ಕೊಡದೆ ಇರಿಸಿಕೊಂಡಿದ್ದು ಬಳಿಕ ನಷ್ಟವಾದರೆ, ಅದರ ಮೌಲ್ಯವನ್ನೂ ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು. ಮೌಲ್ಯದ ಜೊತೆಗೆ ದಂಡವನ್ನೂ ವಿಧಿಸಿರುವುದನ್ನು ನೋಡಿದರೆ, ಕೇಳಿದಾಗ ಕೊಡದಿರುವುದೇ ಒಂದು ಅಪರಾಧವೆಂದೂ, ವಸ್ತುವಿನ ಬೆಲೆ ಅದನ್ನು ತುಂಬಿಕೊಡಲಾರದೆಂದೂ ತಿಳಿಯುತ್ತದೆ. ರಿಸೀವರಿನ ಶುಲ್ಕವನ್ನು ಕಟ್ಟಿದರೆ ಮುಗಿಯಿತೆಂದು ಬಗೆಯುವವನು ದಂಡವನ್ನು ಬೆಲೆಯೆಂದು ಭಾವಿಸುತ್ತಾನೆ. ಕಳೆದುಹೋದ ವಸ್ತುವಿಗೆ ಶುಲ್ಕ ಪರಿಹಾರವಾಗಬಹುದು. ಆದರೆ ಕೈಯಲ್ಲಿರುವ ವಸ್ತುವನ್ನು ಒಡೆಯನ ಒಪ್ಪಿಗೆಯಿಲ್ಲದೆ ಕೊಂಡುಬಿಡುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ.

ಹಾಗಾದರೆ ಆ ಅಪರಾಧದ ಸ್ವರೂಪವೇನು? ಇದಕ್ಕೆ ಅತ್ಯಂತ ಆಳವಾದ ಉತ್ತರ ಜೈನ ಆಚಾರಶಾಸ್ತ್ರದಲ್ಲಿ ದೊರೆಯುತ್ತದೆ. ತತ್ತ್ವಾರ್ಥಸೂತ್ರವು ಗೃಹಸ್ಥನ ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ, ಎಂದರೆ ವ್ರತಕ್ಕೆ ಕುಂದು ತರುವ ನಡೆಗಳನ್ನೂ ಎಣಿಸುವಾಗ, ನ್ಯಾಸಾಪಹಾರವನ್ನು, ಎಂದರೆ ಒಪ್ಪಿಸಿದ ವಸ್ತುವನ್ನು ನುಂಗಿಹಾಕುವುದನ್ನು, ಅಚೌರ್ಯವ್ರತದ ಅಡಿಯಲ್ಲಿ ಇಡದೆ ಸತ್ಯವ್ರತದ ಅಡಿಯಲ್ಲಿ ಇಟ್ಟಿದೆ. ಆಚಾರ್ಯ ಪೂಜ್ಯಪಾದರು ಆ ಸೂತ್ರದ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಲು ಆರಿಸಿಕೊಂಡ ಸಂದರ್ಭವೂ ಗಮನಾರ್ಹವಾದುದು: ಚಿನ್ನವನ್ನು ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಅಷ್ಟೇ ಸರಿಯೆಂದು ಸಮ್ಮತಿಸುವುದು ನ್ಯಾಸಾಪಹಾರ. ಇಲ್ಲಿ ಅವನು ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ, ಒಡೆಯನ ಮರೆವಿಗೆ ತಲೆಯಾಡಿಸಿದ್ದಾನೆ, ಅಷ್ಟೆ. ಆ ಸಮ್ಮತಿಯಲ್ಲಿಯೇ ಸತ್ಯ ಮುರಿದಿದೆ. ಲಕ್ಷಾಂತರ ಗ್ರಾಹಕರುಳ್ಳ ಕಂಪನಿಯ ಲೆಕ್ಕದಿಂದ ಒಂದು ಪೆಟ್ಟಿಗೆ ತಪ್ಪಿಹೋಗಿ, ಎರಡಕ್ಕೆ ಬದಲು ಒಂದನ್ನೇ ಅದು ಕೇಳಿದರೆ, ಗ್ರಾಹಕನ ಮುಂದೆ ನಿಲ್ಲುವುದು ಇದೇ ಪರೀಕ್ಷೆ. ಕಂಪನಿ ಶ್ರೀಮಂತವಾದುದು, ಹಳೆಯ ಪೆಟ್ಟಿಗೆಯಿಂದ ಅದಕ್ಕೆ ಆಗಬೇಕಾದುದೇನು ಎಂಬ ಸಮಾಧಾನ ಒಡೆಯನ ನಷ್ಟವನ್ನು ಮಾತ್ರ ಅಳೆಯುತ್ತದೆ. ಕೊಟ್ಟ ಮಾತಿಗೆ ಆದ ಭಂಗವನ್ನು ಅಳೆಯುವ ಶಕ್ತಿ ಅದಕ್ಕಿಲ್ಲ.

ಮಾತಿನ ಈ ಬಂಧ ಒಡೆಯನಿಗೂ ಸಮಾನವಾಗಿ ಅನ್ವಯಿಸುತ್ತದೆ. ನಿಕ್ಷೇಪವನ್ನು ಕೊಡದವನನ್ನೂ, ಇಡದೆಯೇ ಇಟ್ಟಿದ್ದೇನೆಂದು ಬೇಡುವವನನ್ನೂ ಕಳ್ಳರಂತೆಯೇ ದಂಡಿಸಬೇಕೆಂದು ಮನುಸ್ಮೃತಿ ಹೇಳುತ್ತದೆ. ವಸ್ತುವನ್ನು ಯಾವ ರೀತಿಯಲ್ಲಿ ಕೊಡಲಾಯಿತೋ ಅದೇ ರೀತಿಯಲ್ಲಿ ಸ್ವೀಕರಿಸಬೇಕೆಂದೂ ವಿಧಿಸುತ್ತದೆ. ಮರಳಿ ಬಂದ ರಿಸೀವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಶುಲ್ಕ ಕೇಳುವ ಕಂಪನಿ, ಉದ್ದೇಶಪೂರ್ವಕವಾಗಿ ಹಾಗೆ ಮಾಡಿದಲ್ಲಿ, ಈ ಎರಡನೆಯ ಅಪರಾಧಕ್ಕೆ ಗುರಿಯಾಗುತ್ತದೆ. ಕೊಡುವಾಗ ಕ್ರಮಸಂಖ್ಯೆಯನ್ನು ಬರೆದುಕೊಂಡು ಸಹಿ ಪಡೆದವರು, ಮರಳಿ ಪಡೆಯುವಾಗಲೂ ಅಷ್ಟೇ ಸ್ಪಷ್ಟವಾದ ರಶೀದಿಯನ್ನು ಕೊಡುವುದು ನ್ಯಾಯ. ಇಂಥ ಕೊಡುಕೊಳ್ಳುವಿಕೆಗೆ ಸಾಕ್ಷಿಗಳು ಮಾಡಬೇಕಾದ ಕೆಲಸವನ್ನು ಇಂದು ಮಾಡುವುದು ಆ ರಶೀದಿ ಮತ್ತು ಪಾರ್ಸೆಲಿನ ಗುರುತು ಸಂಖ್ಯೆ. ಅವುಗಳನ್ನು ಕಾಪಾಡಿಟ್ಟುಕೊಳ್ಳುವ ಗ್ರಾಹಕನನ್ನು ಅಪನಂಬಿಕೆಯವನೆಂದು ಕರೆಯಲಾಗದು.

ಹಳತಾದ ಮಾದರಿಯೊಂದನ್ನು ಮರಳಿಸಬೇಕಿಲ್ಲವೆಂದು ಕಂಪನಿಯೇ ತಿಳಿಸಿದರೆ ನಿಕ್ಷೇಪ ಅಲ್ಲಿಗೆ ಕೊನೆಗೊಳ್ಳುತ್ತದೆ, ಏಕೆಂದರೆ ಒಡೆಯನು ಮಾತಿನಿಂದ ಕಟ್ಟಿದ್ದನ್ನು ಮಾತಿನಿಂದಲೇ ಬಿಡಿಸಿದ್ದಾನೆ. ಒಡೆಯನ ಮೌನಕ್ಕೆ ಆ ಬಲವಿಲ್ಲ; ಮೌನವಿದ್ದಲ್ಲಿ ವಿಚಾರಿಸಿ ತಿಳಿಯುವ ಹೊಣೆ ವಸ್ತು ಯಾರ ಕೈಯಲ್ಲಿದೆಯೋ ಅವರದು. ಪುಟ್ಟ ಯಂತ್ರವೊಂದರ ವಿಷಯದಲ್ಲಿ ಇಷ್ಟು ಸೂಕ್ಷ್ಮತೆ ಏಕೆಂದು ಕೇಳುವವರು, ಸತ್ಯವ್ರತವನ್ನು ಗೃಹಸ್ಥನಿಗೂ ಏಕೆ ವಿಧಿಸಲಾಯಿತೆಂಬುದನ್ನು ಆಲೋಚಿಸಬೇಕು: ಗೃಹಸ್ಥನ ಬದುಕಿನಲ್ಲಿ ಸತ್ಯ ಆಚರಣೆಗೆ ಬರುವುದು ಹೆಚ್ಚಾಗಿ ಇಂಥ ಕೊಡುಕೊಳ್ಳುವಿಕೆಗಳಲ್ಲಿಯೇ, ಮತ್ತು ಕೇಳುವವರಿಲ್ಲದಾಗಲೂ ಮರಳಿಸುವವನು ಉಳಿಸಿಕೊಡುವ ನಂಬಿಕೆಯಿಂದಲೇ ಅಪರಿಚಿತರ ಮನೆಗೆ ತನ್ನ ವಸ್ತುವನ್ನು ಕಳಿಸುವ ಧೈರ್ಯ ಸಮಾಜಕ್ಕೆ ಬರುತ್ತದೆ.