ಸುಖದ ಲೆಕ್ಕಾಚಾರ

ಹಿಂದೆ ನಮ್ಮ ಹಿರಿಯರು ಬರೆಯುತ್ತಿದ್ದ ಪತ್ರಗಳೆಲ್ಲ ‘ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು’ ಎಂದೇ ಆರಂಭವಾಗುತ್ತಿದ್ದವು. ಎಷ್ಟು ಸುಖವಾಗಿದ್ದೀರಿ ಎಂಬ ವಿಚಾರಣೆ ಅಲ್ಲಿರಲಿಲ್ಲ. ಇಂದು ನಮ್ಮನ್ನು ದಿನವಿಡೀ ಕಾಡುವುದು ಅದೇ ವಿಚಾರಣೆ. ಫೋನು, ಕಾರು, ಗೋಡೆಯ ಬಣ್ಣ, ಯಾವುದರ ಜಾಹೀರಾತನ್ನು ನೋಡಿದರೂ ಅಲ್ಲಿ ಮಾರಾಟಕ್ಕಿಟ್ಟಿರುವುದು ಸುಖ. ಪ್ರವಾಸಕ್ಕೆ ಹೋದರೆ ನಗುಮುಖದ ಫೋಟೋ ತೆಗೆದು ಹತ್ತು ಮಂದಿಗೆ ಕಳುಹಿಸುವ ತನಕ ನಮಗೆ ಸಮಾಧಾನವಿಲ್ಲ. ಸುಖ ಅನುಭವಿಸಿದರೆ ಸಾಲದು, ಅದಕ್ಕೆ ಸಾಕ್ಷಿಯೂ ಬೇಕು!

ಸುಖವನ್ನೇ ನೀತಿಯ ಅಳತೆಗೋಲಾಗಿ ಮಾಡಿದವರಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಪ್ರಮುಖರು. ಒಂದು ಸುಖ ಎಷ್ಟು ತೀವ್ರವಾದುದು, ಎಷ್ಟು ಕಾಲ ಬಾಳುತ್ತದೆ, ಎಷ್ಟು ಜನರಿಗೆ ತಲುಪುತ್ತದೆ ಎಂದು ಕೂಡಿಸಿ ಕಳೆಯುವ ವಿಧಾನವನ್ನು 1789ರಲ್ಲಿ ಪ್ರಕಟವಾದ ಅವರ ಗ್ರಂಥ ವಿವರಿಸಿತು. ಇದನ್ನು ಹಗುರವಾಗಿ ಕಾಣುವಂತಿಲ್ಲ. ದೊರೆಯ ಸುಖಕ್ಕೂ ಕೂಲಿಯವನ ಸುಖಕ್ಕೂ ಒಂದೇ ತೂಕ ಎಂಬುದು ಆ ಕಾಲಕ್ಕೆ ದೊಡ್ಡ ಮಾತು. ಕ್ರೂರ ಶಿಕ್ಷೆಗಳನ್ನು ಪ್ರಶ್ನಿಸಲು ಬಲ ಕೊಟ್ಟದ್ದೂ ಅದೇ ಲೆಕ್ಕ.

ಆದರೆ ಆ ಲೆಕ್ಕ ತಪ್ಪಿದ್ದು ಬೆಂಥಮರ ಆಪ್ತಮಿತ್ರ ಜೇಮ್ಸ್ ಮಿಲ್ ಅವರ ಮನೆಯಲ್ಲೇ. (ಭಾರತಕ್ಕೆ ಕಾಲಿಡದೆಯೇ ಭಾರತದ ಇತಿಹಾಸ ಬರೆದ ಮಹನೀಯರು ಇವರು.) ಮಗ ಜಾನ್ ಸ್ಟುವರ್ಟ್ ಮಿಲ್‌ಗೆ ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್. ಬೆಂಥಮರ ಸಿದ್ಧಾಂತವನ್ನು ಮುಂದಕ್ಕೊಯ್ಯಲೆಂದೇ ಹುಡುಗನನ್ನು ಬೆಳೆಸಲಾಗಿತ್ತು. 1826ರಲ್ಲಿ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ನೌಕರರಾಗಿದ್ದ ಇಪ್ಪತ್ತರ ಮಿಲ್ ತಮ್ಮನ್ನೇ ಕೇಳಿಕೊಂಡರು: ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ತನಗೆ ಸಂತೋಷವಾದೀತೇ? ಒಳಗಿನಿಂದ ಬಂದ ಉತ್ತರ, ಇಲ್ಲ. ತಿಂಗಳುಗಟ್ಟಲೆ ಖಿನ್ನತೆ ಆವರಿಸಿತು. ಅದರಿಂದ ಅವರು ಹೊರಬರತೊಡಗಿದ ಬಗೆ ಕುತೂಹಲಕರ. ಫ್ರೆಂಚ್ ಲೇಖಕ ಮಾರ್ಮೊಂಟೆಲ್‌ರ ನೆನಪುಗಳನ್ನು ಓದುತ್ತಿದ್ದಾಗ, ತಂದೆ ತೀರಿಕೊಂಡ ಮನೆಯಲ್ಲಿ ಹುಡುಗನೊಬ್ಬ ಇನ್ನು ಎಲ್ಲರಿಗೂ ತಾನೇ ಆಸರೆಯೆಂದು ನಿಶ್ಚಯಿಸುವ ಪ್ರಸಂಗ ಬಂತು. ಮಿಲ್ ಅತ್ತರು. ತನಗೆ ಇನ್ನೂ ಅಳು ಬರುತ್ತದೆ ಎಂಬುದೇ ಅವರಿಗೆ ದೊಡ್ಡ ಸಮಾಧಾನವಾಯಿತು. ಸುಖವನ್ನೇ ಗುರಿಯಾಗಿಸಿಕೊಂಡರೆ ಅದು ದಕ್ಕದು, ಬೇರೊಂದು ಒಳಿತಿನಲ್ಲಿ ತೊಡಗಿದವರಿಗೆ ದಾರಿಯಲ್ಲಿ ಸಿಗುತ್ತದೆ ಎಂಬ ಆಶಯದ ಮಾತನ್ನು ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ. ಅದು ಬೆಳಕು ಕಂಡದ್ದು 1873ರಲ್ಲಿ, ಅವರು ತೀರಿಕೊಂಡ ಬಳಿಕ.

ಇದಕ್ಕಿಂತ ಏಳು ಶತಮಾನಗಳಿಗೂ ಹಿಂದೆ, 1095ರಲ್ಲಿ, ಬಗ್ದಾದಿನ ನಿಜಾಮಿಯಾ ವಿದ್ಯಾಲಯದ ಹೆಸರಾಂತ ಪ್ರಾಧ್ಯಾಪಕರಾಗಿದ್ದ ಇಮಾಮ್ ಗಝ್ಝಾಲಿಯವರದೂ ಇಂತಹದೇ ಸ್ಥಿತಿ. ಪಾಠ ಹೇಳಲು ಹೊರಟರೆ ನಾಲಿಗೆ ಹೊರಳದು, ತುತ್ತು ಗಂಟಲಲ್ಲಿ ಇಳಿಯದು. ತಾನು ಕಲಿಸುತ್ತಿರುವುದು ಕೀರ್ತಿಗಾಗಿ ಎಂಬ ಅರಿವು ಅವರನ್ನು ಒಳಗೇ ತಿನ್ನುತ್ತಿತ್ತು. ಹುದ್ದೆ ತೊರೆದು ಹೊರಟರು. ಬಳಿಕ ಪಾರ್ಸಿಯಲ್ಲಿ ಅವರು ರಚಿಸಿದ ‘ಕೀಮಿಯಾಯೆ ಸಆದತ್’ ಸೌಭಾಗ್ಯದ ಹುಡುಕಾಟವನ್ನು ಆರಂಭಿಸುವುದೇ ತನ್ನನ್ನು ತಾನು ಅರಿಯುವುದರಿಂದ.

ಈ ಇಬ್ಬರಿಗೂ ಊಟಕ್ಕೆ ಕೊರತೆಯಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಅಂಜಿಕೆಯಿರುವುದು ಇಲ್ಲಿಯೇ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆದು ಮಕ್ಕಳನ್ನು ಸಾಕುವ ತಾಯಿಗೆ ‘ಸುಖ ಮನಸ್ಸಿನಲ್ಲಿದೆ, ಇದ್ದುದರಲ್ಲಿ ತೃಪ್ತಿಪಡು’ ಎಂದು ಉಪದೇಶಿಸುವುದು ಸುಲಭ. ಮಗಳ ಮದುವೆಗೆ ಲಕ್ಷಗಟ್ಟಲೆ ಸುರಿದವರೇ ಹಾಗೆ ಉಪದೇಶಿಸುವುದನ್ನು ನಾವು ಕೇಳಿದ್ದೇವೆ. ಆ ತಾಯಿಗೆ ಬೇಕಾಗಿರುವುದು ನ್ಯಾಯವಾದ ಕೂಲಿ. ಅಲ್ಲಿ ಬೆಂಥಮರ ಲೆಕ್ಕವೇ ಸರಿ.

ಮಿಲ್‌ರ ಪ್ರಶ್ನೆಯಿರುವುದು ಹೊಟ್ಟೆ ತುಂಬಿದ ನಮಗೆ. ಕಟ್ಟಬೇಕೆಂದಿದ್ದ ಮನೆ ಕಟ್ಟಿ ಮುಗಿದಿದೆ, ಸಾಲದ ಕಂತು ತೀರಿದೆ, ಮಕ್ಕಳು ಕೆಲಸ ಹಿಡಿದಿದ್ದಾರೆ ಎಂದಿಟ್ಟುಕೊಳ್ಳೋಣ. ಆ ಸಂಜೆ ಹೊಸ ಜಗಲಿಯಲ್ಲಿ ಕುಳಿತ ನಮ್ಮ ಕಣ್ಣು ಎದುರಿನ ಯಾರ ಮನೆಯ ಮೇಲಿರುತ್ತದೆ?