ಸುಗ್ರೀವನ ತಕರಾರು

ರಾಮನನ್ನು ಪರೀಕ್ಷಿಸಿದ್ದು ಸುಗ್ರೀವನ ತಪ್ಪು ಎಂದು ನಮ್ಮ ದೊಡ್ಡಪ್ಪನ ವಾದ. ಅಗ್ನಿಸಾಕ್ಷಿಯಾಗಿ ಗೆಳೆತನ ಮಾಡಿಕೊಂಡ ಮೇಲೆ, ಎಲ್ಲಿ ಮರಕ್ಕೊಂದು ಬಾಣ ಬಿಟ್ಟು ತೋರಿಸು ಅನ್ನಬಹುದೇ? ನಾನು ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆ ಟೆಸ್ಟ್ ಮಾಡಿ ಹೊಟ್ಟೆ ಹೊರೆಯುವವನು. ಇಡೀ ರಾಮಾಯಣದಲ್ಲಿ ನಮ್ಮ ಕಸುಬಿನವನು ಅಂತ ಇದ್ದರೆ ಸುಗ್ರೀವನೊಬ್ಬನೇ.

ಬಾಣ ಏಳು ಸಾಲವೃಕ್ಷಗಳನ್ನು ತೂರಿಕೊಂಡು ಹೋದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ದುಂದುಭಿಯೆಂಬ ಅಸುರನ ಹೆಣವನ್ನು ಸುಗ್ರೀವನ ಅಣ್ಣ ವಾಲಿ ಒಂದು ಯೋಜನ ದೂರ ಎಸೆದಿದ್ದ. ಅದರ ಎಲುಬಿನ ಗೂಡನ್ನು ರಾಮ ಕಾಲ್ಬೆರಳಿನಿಂದ ಚಿಮ್ಮಿ ಹತ್ತು ಯೋಜನ ದಾಟಿಸಿದ. ನಾನಾಗಿದ್ದರೆ ಅಲ್ಲಿಗೇ ಕೈಮುಗಿದುಬಿಡುತ್ತಿದ್ದೆ. ಸುಗ್ರೀವ ಒಪ್ಪಲಿಲ್ಲ. ಅಂದು ಅದು ಹಸಿ ಹೆಣ, ಮಾಂಸ ತುಂಬಿದ ಭಾರ. ಎಸೆದ ಅಣ್ಣನೂ ಕಾದಾಡಿ ದಣಿದಿದ್ದ. ಈಗ ಒಣಗಿ ಹುಲ್ಲಿನ ಹಾಗಾಗಿದೆ. ಇಬ್ಬರಲ್ಲಿ ಯಾರ ಬಲ ಹೆಚ್ಚೆಂದು ಇದರಿಂದ ಹೇಗೆ ತಿಳಿಯುವುದು?

ಲ್ಯಾಬಿನಲ್ಲಿ ನಮ್ಮದೂ ಇದೇ ಜಗಳ. ಹೆಣೆದ ಬಟ್ಟೆ ಎಲ್ಲ ಕಡೆಗೂ ಹಿಗ್ಗುವುದರಿಂದ ಅದನ್ನು ಉಬ್ಬಿಸಿ ಒಡೆಯುತ್ತೇವೆ. ತುಂಡನ್ನು ರಬ್ಬರ್ ಪೊರೆಯ ಮೇಲೆ ಬಿಗಿದು ಕೆಳಗಿನಿಂದ ಒತ್ತಡ ಏರಿಸಿದರೆ, ಬಟ್ಟೆ ಉಬ್ಬುತ್ತ ಉಬ್ಬುತ್ತ ಪಟ್ಟೆಂದು ಒಡೆಯುತ್ತದೆ. ಆದರೆ ಹತ್ತಿ ತೇವ ಹೀರಿದರೆ ಗಟ್ಟಿ, ಒಣಗಿದರೆ ಬಡಕಲು. ಅದಕ್ಕೇ 20 ಡಿಗ್ರಿ ಉಷ್ಣತೆ, ಶೇ 65 ತೇವಾಂಶದ ಕೋಣೆಯಲ್ಲಿ ಮೊದಲು ಹಾಸಿಡಬೇಕು. ಪಾಲಕ್ಕಾಡಿನ ಕಡೆಯ ಗಾಳಿ ಬೀಸುವ ಆಡಿ ತಿಂಗಳಾಗಲಿ, ಚಿತ್ತಿರೈ ಬಿಸಿಲಾಗಲಿ, ಕೋಣೆಯ ಹವೆ ಬದಲಾಗಬಾರದು. ಬಿಸಿ ಆರದ ರೋಲ್ ತಂದು ಈಗಲೇ ರಿಪೋರ್ಟ್ ಕೊಡಿ ಎಂದು ನಿಲ್ಲುವವರಿಗೆ ನಾನು ಸುಗ್ರೀವನ ಮಾತನ್ನೇ ಹೇಳುವುದು.

ಇಷ್ಟಾದರೂ ಪರೀಕ್ಷೆ ಉತ್ತರಿಸುವುದು ಕೇಳಿದ್ದಕ್ಕೆ ಮಾತ್ರ. ಬಾಣ ಏಳು ಮರ ಸೀಳಿ ಬತ್ತಳಿಕೆಗೆ ಮರಳಿತು, ಸುಗ್ರೀವ ಅಡ್ಡಬಿದ್ದ, ವಾಲಿಯನ್ನು ಕೂಗಿ ಕರೆದ, ಚೆನ್ನಾಗಿ ಏಟು ತಿಂದು ಓಡಿಬಂದ. ಬಾಣದ ಮೊನೆಯಲ್ಲಿ ಕೊರತೆಯಿರಲಿಲ್ಲ. ಅಣ್ಣ ಯಾರು, ತಮ್ಮ ಯಾರು ಎಂದು ರಾಮನಿಗೆ ಗುರುತು ಹತ್ತಲಿಲ್ಲ, ಅಷ್ಟೆ. ನಿಂತಲ್ಲೇ ನಿಂತ ಮರಗಳಿಂದ ಅದು ತಿಳಿಯುವುದಾದರೂ ಹೇಗೆ? ಗುರುತಿಗೆಂದು ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಬಿದ್ದ ಮೇಲೆಯೇ ಎರಡನೆಯ ಸಲ ಕೆಲಸವಾದದ್ದು.

ಇದನ್ನೆಲ್ಲ ಹೇಳಿದರೆ ದೊಡ್ಡಪ್ಪ ಅಲಗುಸೇವೆಗೆ ಬರುತ್ತಾರೆ. ನಾವು ಮನೆಯಲ್ಲಿ ಕನ್ನಡವಾಡುವ ದೇವಾಂಗರು. ವಿಜಯದಶಮಿಯಂದು ಕೊಯಮತ್ತೂರಿನ ಬೀದಿಯಲ್ಲಿ ತಾಯಿ ಚೌಡೇಶ್ವರಿಯನ್ನು ಕರೆಯುತ್ತ ನಮ್ಮ ಹುಡುಗರು ಎದೆಗೆ, ತೋಳಿಗೆ ಕತ್ತಿ ಹಾಕಿಕೊಳ್ಳುತ್ತಾರೆ. "ಕತ್ತಿ ಎಷ್ಟು ಇಳಿಯಿತು ಅಂತ ಅಲ್ಲಿ ಯಾರಾದರೂ ಅಳೀತಾರೇನೋ?"

ಅಳೆಯುವುದಿಲ್ಲ, ನಿಜ. ಅಲ್ಲಿ ತಾಯಿಯನ್ನು ಬಾ ಅನ್ನುತ್ತಾರೆ, ಲೆಕ್ಕ ಕೇಳುವುದಿಲ್ಲ. ಸುಗ್ರೀವನಿಗೆ ಬೇಕಿದ್ದುದು ದರ್ಶನವಲ್ಲ. ವಾಲಿಯ ಗುದ್ದಿಗೆ ಎದೆಯೊಡ್ಡಬೇಕಾದವನು ಅವನೇ ತಾನೇ! ರಾಮನಿಗೆ ಅದು ಅರ್ಥವಾಗಿತ್ತೆಂದು ಕಾಣುತ್ತದೆ. ಎಲುಬು ಹಗುರ ಎಂದಾಗ ಅವನು ಸಿಟ್ಟಾಗಲಿಲ್ಲ, ಬಿಲ್ಲೆತ್ತಿಕೊಂಡ.