ಮುಪ್ಪನ್ನು ಕಾಣುವ ಎಳೆಯ ಕಣ್ಣು

ಹದಿಹರೆಯದವರು ಮುಪ್ಪನ್ನು ಅನ್ಯರಿಗೆ ಮಾತ್ರ ಒದಗುವ ಅವಸ್ಥೆಯೆಂದು ಭಾವಿಸುವುದು ಸಹಜ. ಆದರೆ ಉಳಿದ ತಾತ್ಸಾರಗಳಿಗೂ ಇದಕ್ಕೂ ಒಂದು ಭೇದವುಂಟು: ಇಲ್ಲಿ ತಿರಸ್ಕರಿಸುವವನೇ, ಆಯುಷ್ಯವಿದ್ದರೆ, ಒಂದು ದಿನ ತಿರಸ್ಕೃತರ ಸಾಲಿಗೆ ಸೇರುತ್ತಾನೆ.

ಅಮೆರಿಕದ ಓಹಾಯೋ ರಾಜ್ಯದ ಒಂದು ಪಟ್ಟಣದಲ್ಲಿ 1975ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಐವತ್ತು ದಾಟಿದವರನ್ನು ಅವರ ಮುಪ್ಪಿನ ಬಗ್ಗೆ ಪ್ರಶ್ನಿಸಲಾಗಿತ್ತು. ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದಂತೆ, ಅದನ್ನು ಸದ್ಭಾವದಿಂದ ಕಂಡವರು ಉಳಿದವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರು. ಇದೊಂದೇ ಕಾರಣವೆನ್ನಲಾಗದು, ಆದರೂ ಎಳವೆಯಲ್ಲಿ ಬೇರೂರಿದ ತಾತ್ಸಾರ ಮುಂದೆ ತನ್ನತ್ತಲೇ ತಿರುಗೀತೆಂಬ ಎಚ್ಚರ ಬೇಕು.

ದೋಷವನ್ನು ಮಕ್ಕಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಅಜ್ಜಿ ಎದುರಿಗೆ ಕುಳಿತಿರುವಾಗಲೇ ‘ಅವರಿಗೇನು ತಿಳಿಯುತ್ತದೆ’ ಎನ್ನುವವರು ತಂದೆತಾಯಿಗಳು. ಮಗು ಕಲಿಯುವುದು ಉಪದೇಶದಿಂದಲ್ಲ, ಆ ಮಾತಿನಿಂದ. ಇತ್ತ ಹಿರಿಯರೂ ‘ನಮ್ಮ ಕಾಲದಲ್ಲಿ’ ಎಂದೇ ಮಾತು ತೆಗೆದರೆ ಎಳೆಯರು ದೂರ ಸರಿಯುತ್ತಾರೆ. ಹಿರಿತನದ ಮನ್ನಣೆಯನ್ನು ನಡತೆಯಿಂದ ಗಳಿಸಬೇಕಾದೀತು. ಆದರೆ ಮನುಷ್ಯನೆಂಬ ಮರ್ಯಾದೆಯನ್ನು ಯಾರೂ ಮುಪ್ಪಿನಲ್ಲಿ ಹೊಸದಾಗಿ ಗಳಿಸಬೇಕಾಗಿಲ್ಲ.

ಮನೆಯ ವಿಚಾರಗಳಲ್ಲಿ ಹಿರಿಯರ ಅಭಿಪ್ರಾಯವನ್ನು ಮಕ್ಕಳ ಎದುರಿಗೇ ಕೇಳೋಣ. ಒಪ್ಪದಿದ್ದಾಗ ಅವರಿಗೆ ಕಾರಣ ತಿಳಿಸೋಣ. ಮಕ್ಕಳಿಗೆ ಅದೇ ಪಾಠ.